ಬುಕಾನನ್ನನು ಕಂಡ ಮಳವಳ್ಳಿ

ಮಳವಳ್ಳಿಯ ಸೀಮೆಗೆ ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಊರನ್ನು ಹಾದು ಶಿವನಸಮುದ್ರಕ್ಕೆ ಹೋಗುವವರು. ಅವರ ಬರಹಗಳಲ್ಲಿಯೂ ಇದೇ ಕ್ರಮವು ಕಂಡುಬರುತ್ತದೆ: ಗಗನಚುಕ್ಕಿ ಭರಚುಕ್ಕಿಗಳಿಗೆ ಪುಟಗಟ್ಟಲೆ ವರ್ಣನೆ, ದಾರಿಯ ಹಳ್ಳಿಗಳಿಗೆ ಒಂದೆರಡು ಸಾಲು. ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥವು ಈ ಮಾತಿಗೆ ಅಪವಾದವೆಂದು ನಮ್ಮ ಇತಿಹಾಸಕಾರರು ಅದನ್ನು ಮೆಚ್ಚುತ್ತ ಬಂದಿದ್ದಾರೆ. ಆ ಮೆಚ್ಚುಗೆಯು ಎಷ್ಟರಮಟ್ಟಿಗೆ ಸಲ್ಲತಕ್ಕದ್ದೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಕಂಪನಿಯ ಈ ವೈದ್ಯನು ಮದರಾಸಿನಿಂದ ಹೊರಟನು. ಮೈಸೂರು, ಕೆನರಾ, ಮಲಬಾರುಗಳನ್ನು 1801ರವರೆಗೆ ಸುತ್ತಿ ಬರೆದದ್ದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮೊದಲು ಬೇಸಾಯ, ಅನಂತರ ದನಕರು, ಗಣಿ, ಕೈಗಾರಿಕೆ, ಜನರ ಊಟ ಉಡುಪು ವಸತಿ, ಇವುಗಳನ್ನು ಪರೀಕ್ಷಿಸಬೇಕೆಂಬುದು ಅವನಿಗೆ ಇದ್ದ ಆದೇಶ. ಆದಕಾರಣ ಅವನ ಗದ್ಯದಲ್ಲಿ ಅಲಂಕಾರವಿಲ್ಲ. ಓದುಗನಿಗೆ ಬೇಸರವಾಗುವಷ್ಟು ಅಳತೆ, ತೂಕ, ಬೆಲೆಗಳಿವೆ. ಈ ಬೇಸರವೇ ಗ್ರಂಥದ ಗುಣವೆಂದು ನಾವು ಭಾವಿಸುತ್ತೇವೆ.

ಮಳವಳ್ಳಿಯ ಬಳಿ 1799ನೆಯ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪುವಿಗೂ ಕಾಳಗ ನಡೆದಿತ್ತು. ಬುಕಾನನ್ನನು ಕಂಡದ್ದು ಈ ದಂಡುಗಳು ತುಳಿದುಹೋದ ನೆಲವನ್ನು. ಊರಿನ ಕೆರೆಯನ್ನೂ, ಅದರ ನೀರಿನಿಂದ ಬೆಳೆದ ಸುಲ್ತಾನನ ಹಣ್ಣಿನ ತೋಟವನ್ನೂ ಅವನು ವಿವರಿಸುತ್ತಾನೆ. ಅರಸನ ತೋಟಕ್ಕೆ ಕೆರೆಯ ನೀರು, ಸುತ್ತಲಿನ ರಾಗಿಯ ಹೊಲಕ್ಕೆ ಆಕಾಶದ ನೀರು! ಈ ತಾರತಮ್ಯವನ್ನು ಕುರಿತು ತೋಟವನ್ನು ನೋಡಿದವನು ಒಂದು ಪ್ರಶ್ನೆಯನ್ನಾದರೂ ಎತ್ತಬಹುದಾಗಿತ್ತು. ನಾಡು ಹಾಳಾದುದರ ಹೊಣೆಯನ್ನು ಸುಲ್ತಾನನ ಆಡಳಿತ, ಮರಾಠರ ಸುಲಿಗೆ ಇವುಗಳ ಮೇಲೆ ಹೊರಿಸುವುದರಲ್ಲಿ ತೋರಿದ ಉತ್ಸಾಹವನ್ನು ಅವನು ತನ್ನ ಒಡೆಯರ ದಂಡಿನ ವಿಷಯದಲ್ಲಿ ತೋರಿದವನಲ್ಲ. ಸಂಬಳ ಕೊಟ್ಟವರ ವಿಚಾರದಲ್ಲಿ ಲೇಖನಿ ಮೆಲ್ಲಗಾಗುವುದು ಅವನೊಬ್ಬನ ದೋಷವೇನೂ ಅಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಅವನು ಪ್ರಶ್ನೆ ಕೇಳಿದ ರೀತಿಯನ್ನು ಕುರಿತದ್ದು. ಅವನು ನಮ್ಮ ಜನರೊಡನೆ ಮಾತನಾಡಿದ್ದು ದುಭಾಷಿಯ ಮೂಲಕ. ಹೊಲೆಯರು ಮೊದಲಾದವರ ಆಚಾರ, ಮದುವೆ, ಆಹಾರಗಳನ್ನು ಅವನು ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ, ಇದನ್ನು ಒಪ್ಪಲೇಬೇಕು. ಆದರೆ ಬೇಸಾಯದ ಲೆಕ್ಕಕ್ಕೆ ಬಂದಾಗ ಅವನ ಎದುರು ನಿಂತವರು ಬಹುಮಟ್ಟಿಗೆ ಗೌಡರು, ಶಾನುಭೋಗರು, ಸ್ಥಿತಿವಂತ ರೈತರು. ಆಳಿಗೆ ವರ್ಷಕ್ಕೆ ಎಷ್ಟು ಹಣ, ಎಷ್ಟು ಧಾನ್ಯ ಎಂಬ ಪಟ್ಟಿಗಳನ್ನು ಆಧಾರವಾಗಿ ಬಳಸುವ ಸಂಶೋಧಕರು ಒಂದು ಮಾತನ್ನು ನೆನಪಿಡಬೇಕು: ಅದು ಕೂಲಿ ಕೊಡುವವನು ಹೇಳಿದ ಲೆಕ್ಕ, ಪಡೆಯುವವನು ಹೇಳಿದ್ದಲ್ಲ. ರೈತರು ನಿಜ ಹೇಳುವುದಿಲ್ಲವೆಂದು ಅಲ್ಲಲ್ಲಿ ಗೊಣಗುವ ಗ್ರಂಥಕಾರನಿಗೆ ಈ ಸಂದೇಹ ಬಾರದಿದ್ದುದು ಸೋಜಿಗ.

ಆದರೂ ಅವನ ಪ್ರಶ್ನೆಗಳನ್ನು ನಾವು ಬಿಡುವಂತಿಲ್ಲ. ಆದೇಶದಲ್ಲಿ ಜಲಪಾತದ ಮಾತಿಲ್ಲದಿದ್ದರೂ ಅವನು ಶಿವನಸಮುದ್ರಕ್ಕೆ ಹೋಗಿ ಎರಡು ಚುಕ್ಕಿಗಳನ್ನೂ ನೋಡಿದನು. ಅದೇ ನೀರಿನಿಂದ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು; 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಈ ಸಾಹಸವನ್ನು ಹೊಗಳುವ ಬರಹಗಳು ನಮ್ಮಲ್ಲಿ ಸಾಕಷ್ಟಿವೆ, ಹೊಗಳಿಕೆಯೂ ಯೋಗ್ಯವೇ. ತಂತಿಗಳ ಕೆಳಗಿನ ಹಳ್ಳಿಗಳಲ್ಲಿ ಮಾತ್ರ ಎಣ್ಣೆಯ ದೀಪವೇ ಅದೆಷ್ಟೋ ವರ್ಷ ಉರಿಯಿತು. ಆ ಮನೆಗಳಲ್ಲಿ ಏನು ಉಣ್ಣುತ್ತಿದ್ದರು, ಏನು ಉಡುತ್ತಿದ್ದರು, ಯಾರ ಹೊಲದಲ್ಲಿ ಎಷ್ಟಕ್ಕೆ ದುಡಿಯುತ್ತಿದ್ದರು ಎಂದು ವಿದ್ಯುದಾಗಾರವನ್ನು ನೋಡಲು ಬಂದವರು ಕೇಳಿದಂತಿಲ್ಲ. ನೂರು ವರ್ಷಗಳ ಹಿಂದೆ ಕಂಪನಿಯ ನೌಕರನೊಬ್ಬನು, ತಪ್ಪು ಜನರನ್ನೇ ಆಗಲಿ, ಕೇಳಿದ್ದನು.