ಸಂಕ್ಷೇಪಾಕ್ಷರಗಳ ಔಚಿತ್ಯವಿಚಾರ

ಕೈದೂರವಾಣಿಯ ಕಿರುಸಂದೇಶಗಳಲ್ಲಿ ಹುಟ್ಟಿ, ಈಗ ಕಚೇರಿಯ ಪತ್ರವ್ಯವಹಾರಕ್ಕೂ ಹೊಕ್ಕಿರುವ ಸಂಕ್ಷೇಪಾಕ್ಷರಗಳ ವಿಷಯದಲ್ಲಿ ಎರಡು ಪಕ್ಷಗಳುಂಟು. ಇವು ಭಾಷೆಗೆ ಕೇಡೆಂದು ಕೆಲವರು. ಕಾಲಧರ್ಮವೆಂದು ಮತ್ತೆ ಕೆಲವರು. ಸಂಕ್ಷೇಪವು ತಾನೇ ದೋಷವಲ್ಲ. ಓದುವವನಿಗೆ ತಿಳಿಯದ ಸಂಕೇತವೂ, ಪದದ ಪ್ರತ್ಯಯವನ್ನು ನುಂಗುವ ಸಂಕ್ಷೇಪವೂ ದೋಷವೆಂಬುದು ನಮ್ಮ ಅಭಿಪ್ರಾಯ.

ಸಂಕ್ಷೇಪವು ನಮ್ಮವರಿಗೆ ಹೊಸದಲ್ಲ. ಕನ್ನಡ ಶಾಸನಗಳಲ್ಲಿ ಗದ್ಯಾಣಕ್ಕೆ 'ಗ' ಎಂದೂ, ಶುಕ್ಲ ಬಹುಳ ಪಕ್ಷಗಳಿಗೆ 'ಶು', 'ಬ' ಎಂದೂ ಕೊರೆದಿರುವುದುಂಟು. ಚಂಪೂಕಾವ್ಯಗಳನ್ನು ಓದಿದವರಿಗೆ ಕಂದಕ್ಕೆ 'ಕಂ॥', ವಚನಕ್ಕೆ 'ವ॥' ಎಂಬ ಗುರುತುಗಳು ವಿದಿತವೇ ಸರಿ. ಲಗ್ನಪತ್ರಿಕೆಗಳಲ್ಲಿ 'ಚಿ॥', 'ಸೌ॥' ಇಂದಿಗೂ ಉಳಿದಿವೆ. ನಮ್ಮ ಊರಿನ ವಿಳಾಸವೇ 'ಮಾಯಕೊಂಡ, ದಾವಣಗೆರೆ ತಾ॥, ದಾವಣಗೆರೆ ಜಿ॥' ಎಂದಿರುವುದು. ೧೯೯೭ರಲ್ಲಿ ಹೊಸ ಜಿಲ್ಲೆಯಾಗುವ ಮೊದಲು ಅದರ ಕೊನೆಗೆ 'ಚಿತ್ರದುರ್ಗ ಜಿ॥' ಎಂದು ಬರೆಯುತ್ತಿದ್ದರು. ಇಂಗ್ಲಿಷಿನಲ್ಲಿಯೂ ಇದು ಇಂದಿನ ಹುಡುಗರ ಸೃಷ್ಟಿಯಲ್ಲ. ಆಶ್ಚರ್ಯಸೂಚಕವಾದ 'ಓ.ಎಂ.ಜಿ.' ಎಂಬುದು, ೧೯೧೭ರಲ್ಲಿಯೇ ನೌಕಾಧಿಪತಿ ಫಿಷರನು ಚರ್ಚಿಲ್ಲನಿಗೆ ಬರೆದ ಪತ್ರದಲ್ಲಿ ಕಾಣಬರುತ್ತದೆ.

ಇನ್ನು ವೈಯಾಕರಣರು ಅರ್ಧಮಾತ್ರೆಯ ಲಾಘವಕ್ಕೂ ಹಿಗ್ಗುವವರೆಂಬುದು ಪ್ರಸಿದ್ಧ. ಪಾಣಿನಿಯ 'ಅಚ್' ಎಂಬುದರಲ್ಲಿ ಸ್ವರಗಳೆಲ್ಲವೂ, 'ಹಲ್' ಎಂಬುದರಲ್ಲಿ ವ್ಯಂಜನಗಳೆಲ್ಲವೂ ಅಡಗಿವೆ. ಆದರೆ ಹದಿನಾಲ್ಕು ಮಾಹೇಶ್ವರ ಸೂತ್ರಗಳು ಮೊದಲೇ ಪಠಿತವಾಗಿರುವುದರಿಂದ, ಅವನ್ನು ಬಿಡಿಸುವ ಕೀಲಿಕೈ ವಿದ್ಯಾರ್ಥಿಯ ಕೈಯಲ್ಲಿಯೇ ಇರುತ್ತದೆ. ಸಂಕೇತಕ್ಕೆ ಮುಂಚೆ ಸಮಯಬಂಧವಿರಬೇಕೆಂಬುದೇ ಇಲ್ಲಿಯ ನ್ಯಾಯ.

ಈಗಿನ ರೂಢಿಯ ಕಾರಣವನ್ನು ನೋಡೋಣ. ತಂತಿಯ ವರ್ತಮಾನಕ್ಕೆ ಪದದ ಲೆಕ್ಕದಲ್ಲಿ ಹಣ ತೆರಬೇಕಾಗಿತ್ತು. ಆ ಸೇವೆಯು ನಮ್ಮ ದೇಶದಲ್ಲಿ ೨೦೧೩ರ ಜುಲೈಯಲ್ಲಿ ನಿಂತಿತು. ಕಿರುಸಂದೇಶಕ್ಕಾದರೋ ರೋಮನ್ ಲಿಪಿಯಲ್ಲಿ ೧೬೦ ಚಿಹ್ನೆಗಳ ಮಿತಿ, ಕನ್ನಡದಲ್ಲಿ ೭೦ ಮಾತ್ರ. ಅದರಲ್ಲಿಯೂ 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ೬ ಚಿಹ್ನೆಗಳು ವೆಚ್ಚವಾಗುತ್ತವೆ. ಇದರಿಂದ ಕನ್ನಡಿಗರು ತಮ್ಮ ಮಾತನ್ನು ರೋಮನ್ ಲಿಪಿಯಲ್ಲಿ ಬರೆಯುವುದಕ್ಕೆ ಮತ್ತೊಂದು ಕಾರಣ ಒದಗಿತು. ಈಗ ಅಂತರ್ಜಾಲದ ಸಂದೇಶಗಳಿಗೆ ಆ ಮಿತಿಯಿಲ್ಲ; ಕಾರಣವು ಹೋಗಿ ಅಭ್ಯಾಸವು ಉಳಿದಿದೆ.

ಹಾನಿಯಿರುವುದು ಇಲ್ಲಿಯೇ. ನಮ್ಮ ಹಳೆಯ ಸಂಕ್ಷೇಪವು ಪದದ ಮೊದಲ ಅಕ್ಷರವನ್ನು ಸ್ವರಸಹಿತವಾಗಿ ಉಳಿಸಿಕೊಳ್ಳುತ್ತದೆ, 'ಗ್ರಾ.ಪಂ.' ಎಂಬಲ್ಲಿ ದೀರ್ಘವೂ ಇದೆ, ಬಿಂದುವೂ ಇದೆ. ಇಂಗ್ಲಿಷಿನವರದು ಅಚ್ಚನ್ನು ಬಿಟ್ಟು ಹಲ್ಲನ್ನು ಉಳಿಸುವ ಕ್ರಮ. ಅದು ಆ ಭಾಷೆಗೆ ಒಗ್ಗಬಹುದು, ಕನ್ನಡಕ್ಕೆ ಒಗ್ಗದು. ಬಂದರು, ಬಂದರೆ, ಬಂದರೂ, ಬಂದಿರಿ, ಬಂದಾರು: ಸ್ವರಗಳನ್ನು ತೆಗೆದರೆ ಐದೂ ಒಂದೇ. ಕಾಲ, ಪುರುಷ, ಸಂಶಯ, ಮರ್ಯಾದೆಗಳೆಲ್ಲವೂ ಕೊನೆಯ ಸ್ವರಗಳನ್ನು ಆಶ್ರಯಿಸಿರುವ ಭಾಷೆ ನಮ್ಮದು. ಸ್ವರವನ್ನು ಉಳಿಸಿ ಬರೆದರೂ, ಹ್ರಸ್ವದೀರ್ಘಗಳನ್ನೂ ಲಳಗಳನ್ನೂ ಬೇರ್ಪಡಿಸದ ರೋಮನ್ ಬರೆಹದಲ್ಲಿ ಬಲೆ, ಬಳೆ, ಬಾಲೆ, ಬಾಳೆಗಳಿಗೆ ಭೇದವೇ ಇಲ್ಲ.

ಗೆಳೆಯರು ತಮ್ಮತಮ್ಮೊಳಗೆ ಹೇಗೆ ಬರೆದುಕೊಂಡರೇನು ಎಂದು ಕೇಳಬಹುದು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಅಲ್ಲಿ ಸಮಯಬಂಧವು ಉಭಯಸಮ್ಮತವಾದುದು. ಆದರೆ ಹಿರಿಯರು ವಿಸ್ತಾರವಾಗಿ ಬರೆದ ಕ್ಷೇಮಸಮಾಚಾರಕ್ಕೆ 'ಕೆ' ಎಂಬ ಒಂಟಿ ಅಕ್ಷರವು ಉತ್ತರವಾಗಿ ಬಂದರೆ, ಉಳಿದದ್ದು ಕಾಲವಲ್ಲ, ಕಳೆದದ್ದು ಆದರ.

ಕಚೇರಿ, ಬ್ಯಾಂಕುಗಳ ಮಾತು ಬೇರೆ. ಅಲ್ಲಿ ಬರೆಯುವವನು ಓದುಗನನ್ನು ಆರಿಸಿಕೊಳ್ಳುವಂತಿಲ್ಲ. ಕಿಸಾನ್ ಸಮ್ಮಾನ್ ನಿಧಿಯ ಹಣಕ್ಕೆ 'ಇ-ಕೆವೈಸಿ' ಆಗಬೇಕೆಂದು ರೈತನಿಗೆ ತಿಳಿಸುತ್ತಾರೆ. 'ಗ್ರಾಹಕರ ಗುರುತಿನ ಪರಿಶೀಲನೆ' ಎಂದು ಬಿಡಿಸಿ ಹೇಳಿದರೆ ಮಾಯಕೊಂಡದ ಯಾವ ಒಕ್ಕಲಿಗನಿಗೂ ಅದು ತಿಳಿಯತಕ್ಕ ಮಾತೇ. 'ಒಟಿಪಿ' ಎಂಬುದು ಒಂದೇ ಸಲ ಸಲ್ಲುವ ಗುಪ್ತಸಂಖ್ಯೆಯೆಂದು ಬಲ್ಲವನು ಅದನ್ನು ಅಪರಿಚಿತನಿಗೆ ಹೇಳಲು ಅನುಮಾನಿಸುತ್ತಾನೆ. ಬರಿಯ ಮೂರಕ್ಷರವಾಗಿ ಕೇಳಿದವನು ಹೇಳಿಬಿಡುತ್ತಾನೆ. ವಂಚಕರು ಇವೇ ಅಕ್ಷರಗಳನ್ನು ಮುಂದೊಡ್ಡಿ ಖಾತೆಗಳನ್ನು ಬರಿದುಮಾಡುತ್ತಿರುವುದು ಲೋಕವಿದಿತ. ಆದುದರಿಂದ ಇದು ಶೈಲಿಯ ಪ್ರಶ್ನೆಯಷ್ಟೇ ಅಲ್ಲ, ಬಡವನ ಗಂಟಿನ ಪ್ರಶ್ನೆಯೂ ಹೌದು.

ಸಾರ್ವಜನಿಕ ಪತ್ರಗಳಲ್ಲಿ ಸಂಕ್ಷೇಪವನ್ನು ಮೊದಲ ಸಲ ಬಳಸುವಾಗ ಪೂರ್ಣರೂಪವನ್ನು ಕನ್ನಡದಲ್ಲಿ ಕೊಡತಕ್ಕುದು. ಸಂಕ್ಷೇಪಿಸಿದರೆ ಅಕ್ಷರವನ್ನು ಸ್ವರಸಹಿತವಾಗಿ ಇಡತಕ್ಕುದು. ಕ್ರಿಯಾಪದವನ್ನೂ ವಿಭಕ್ತಿಯನ್ನೂ ಮೊಟಕುಮಾಡಲಾಗದು. ಶಾಸನ, ಓಲೆ, ಲಗ್ನಪತ್ರಿಕೆ, ಕಡತಗಳಲ್ಲಿರುವ ಕನ್ನಡ ಸಂಕ್ಷೇಪಗಳನ್ನು ವಿದ್ವಾಂಸರು ಸಂಗ್ರಹಿಸಿ ಪಟ್ಟಿಮಾಡಿದರೆ, ಹೊಸ ಸಂಕೇತಗಳನ್ನು ಕಟ್ಟುವವರಿಗೆ ಮೇಲ್ಪಂಕ್ತಿಯೊಂದು ದೊರೆತಂತಾಗುವುದು.