ಕೀಬೋರ್ಡ್ ಮುಂದೆ ಯಾರೂ ಇಲ್ಲ

ಬೇರೊಂದು ಯಂತ್ರಕ್ಕೆ ತಾನೇ ಲಾಗಿನ್ ಆಗಿ ಅಲ್ಲಿ ಸರ್ವರ್ ಎಬ್ಬಿಸುವ ಜಾವಾ ಪ್ರೋಗ್ರಾಂ ಯಾವುದಾದರೂ ಕೈಗೆ ಸಿಕ್ಕರೆ ತೆರೆದು ನೋಡಿ. ‘ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್’ ಎಂಬ ಸೆಟ್ಟಿಂಗ್‌ಗೆ ‘ನೋ’ ಎಂದು ಕೊಟ್ಟಿರುವ ಒಂದು ಸಾಲು ಅದರಲ್ಲಿ ಇರುವ ಸಂಭವ ಬಹಳ. ಆ ಕಡೆ ಇರುವುದು ನಾವಂದುಕೊಂಡ ಯಂತ್ರವೇ ಹೌದೋ ಅಲ್ಲವೋ ವಿಚಾರಿಸಬೇಡ, ಪಾಸ್‌ವರ್ಡ್ ಕೊಟ್ಟುಬಿಡು ಎಂಬುದು ಅದರ ತಾತ್ಪರ್ಯ. ಬರೆದವರು ದಡ್ಡರಲ್ಲ. ಆ ಸಾಲಿಲ್ಲದೆ ಪ್ರೋಗ್ರಾಂ ‘ಅನ್‌ನೋನ್ ಹೋಸ್ಟ್ ಕೀ’ ಎಂದು ಗೊಣಗಿ ನಿಂತುಬಿಟ್ಟಿತ್ತು, ಸಂಜೆಯೊಳಗೆ ಕೆಲಸ ಒಪ್ಪಿಸಬೇಕಿತ್ತು, ಹುಡುಕಿದಾಗ ಸಿಕ್ಕ ಮೊದಲ ಮದ್ದು ಅದೇ ಆಗಿತ್ತು. ಆ ಸಾಲಿನ ಹಿಂದಿರುವ ಲೈಬ್ರರಿಯನ್ನೂ ಅದರ ಸುತ್ತ ಬೆಳೆದ ರೂಢಿಯನ್ನೂ ಒಟ್ಟಿಗೇ ತೂಗಿ ನೋಡುವ ಕಾಲ ಬಂದಿದೆ.

ಅಗತ್ಯವೇನೋ ನಿಜವಾದದ್ದು. ಒಂದು ಯಂತ್ರದ ಮೇಲೆ ಕೂತ ಜಾವಾ ಪ್ರೋಗ್ರಾಂಗೆ ಇನ್ನೊಂದು ಯಂತ್ರದಲ್ಲಿ ಜಾವಾ ಸರ್ವರ್ ಶುರುವಾಗಬೇಕು. ರಾತ್ರಿ ಬ್ಯಾಚ್ ಕೆಲಸಕ್ಕೆ ನಾಲ್ಕು ಸರ್ವರ್ ಸರದಿಯಲ್ಲಿ ಏಳಬೇಕು, ಬೆಳಗಾಗುವಷ್ಟರಲ್ಲಿ ಮಲಗಬೇಕು. ಹಡೂಪ್‌ನ ಸ್ಟಾರ್ಟ್ ಸ್ಕ್ರಿಪ್ಟು ಒಂದು ಫೈಲಿನಲ್ಲಿ ಬರೆದಿಟ್ಟ ಯಂತ್ರಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಎಸ್‌ಎಸ್‌ಎಚ್ ಮೂಲಕ ಹೋಗಿ ಅಲ್ಲಿನ ಡೀಮನ್ ಎಬ್ಬಿಸುವುದು ಹೀಗೆಯೇ. ವೆಬ್‌ಲಾಜಿಕ್‌ನ ನೋಡ್ ಮ್ಯಾನೇಜರಿನಲ್ಲೂ ಇದೇ ಬಗೆಯ ಸ್ಕ್ರಿಪ್ಟ್ ರೂಪ ಒಂದಿದೆ. ಪರದೇಶದ ಗಿರಾಕಿಗಳ ಸರ್ವರುಗಳನ್ನು ಬೆಂಗಳೂರಿನಲ್ಲಿ ಕೂತು ಕಾಯುವ ಸಪೋರ್ಟ್ ತಂಡಗಳಿಗಂತೂ ಇಂಥ ಪ್ರೋಗ್ರಾಂ ಒಂದು ರಾತ್ರಿ ಪಾಳಿಯನ್ನೇ ಉಳಿಸಿಕೊಡುತ್ತದೆ.

ತೊಡಕಿರುವುದು ಲಾಗಿನ್ ಎಂಬ ಏರ್ಪಾಟಿನಲ್ಲೇ. ಅದನ್ನು ರೂಪಿಸಿದ್ದು ಕೀಬೋರ್ಡ್ ಮುಂದೆ ಕೂತ ಮನುಷ್ಯನಿಗಾಗಿ. ಅದು ಕೇಳುತ್ತದೆ, ಅವನು ಓದುತ್ತಾನೆ, ಅನುಮಾನ ಬಂದರೆ ತಡೆಯುತ್ತಾನೆ, ಟೈಪ್ ಮಾಡುತ್ತಾನೆ. ಆ ಕುರ್ಚಿಯಲ್ಲಿ ಪ್ರೋಗ್ರಾಂ ಕೂರಿಸುವ ಪ್ರಯತ್ನ ಹಳೆಯದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದ ಡಾನ್ ಲಿಬ್ಸ್ 1990ರಲ್ಲಿ ‘ಎಕ್ಸ್‌ಪೆಕ್ಟ್’ ಎಂಬ ಸಾಧನ ಹೊರತಂದರು: ‘ಲಾಗಿನ್’ ಎಂಬ ಅಕ್ಷರ ಕಂಡರೆ ಹೆಸರು ಕಳಿಸು, ‘ಪಾಸ್‌ವರ್ಡ್’ ಕಂಡರೆ ಪಾಸ್‌ವರ್ಡ್ ಕಳಿಸು. ಜಾವಾ ಲೋಕದ ಆಂಟ್ ಎಂಬ ಬಿಲ್ಡ್ ಸಾಧನದಲ್ಲೂ ಇಂಥದೇ ಟೆಲ್‌ನೆಟ್ ಟಾಸ್ಕ್ ಇತ್ತು. ಇಷ್ಟು ಓದು, ಇಷ್ಟು ಬರೆ ಎಂದು ಎಕ್ಸ್‌ಎಂಎಲ್‌ನಲ್ಲಿ ಬರೆದಿಟ್ಟರಾಯಿತು. ‘ನಿಮ್ಮ ಪಾಸ್‌ವರ್ಡ್ ಅವಧಿ ಮುಗಿಯುತ್ತಿದೆ’ ಎಂಬ ಎಚ್ಚರಿಕೆ ಒಂದು ದಿನ ನಡುವೆ ಬಂತೋ, ಅದರಲ್ಲಿನ ‘ಪಾಸ್‌ವರ್ಡ್’ ಪದ ನೋಡಿಯೇ ಸ್ಕ್ರಿಪ್ಟ್ ಗುಟ್ಟನ್ನು ಉಗುಳಿಬಿಡುತ್ತಿತ್ತು. ಮೇಲಾಗಿ ಟೆಲ್‌ನೆಟ್‌ನಲ್ಲಿ ಎಲ್ಲವೂ ಬಯಲಲ್ಲೇ ಹರಿಯುತ್ತಿತ್ತು. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕಳ್ಳಗಿವಿಯಿಟ್ಟು ಪಾಸ್‌ವರ್ಡುಗಳನ್ನು ದೋಚಿದ ಮೇಲೆಯೇ ತಾತು ಯುಲನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು. ಅದರಿಂದ ತಂತಿ ಭದ್ರವಾಯಿತು. ಕುರ್ಚಿಯ ಸಮಸ್ಯೆ ಹಾಗೇ ಉಳಿಯಿತು. ಓಪನ್‌ಎಸ್‌ಎಸ್‌ಎಚ್ ಮಂದಿ ಪಾಸ್‌ವರ್ಡನ್ನು ಪೈಪಿನಿಂದ ಓದದೆ ಟರ್ಮಿನಲ್‌ನಿಂದಲೇ ಓದುವಂತೆ ಮಾಡಿದ್ದು ಬೇಕೆಂದೇ, ಕುರ್ಚಿಯಲ್ಲಿ ಮನುಷ್ಯನೇ ಇರಲಿ ಎಂದು.

ಜಾವಾದವರಿಗೆ ಆ ಅಡ್ಡಿ ತಟ್ಟಲಿಲ್ಲ. ಎಸ್‌ಎಸ್‌ಎಚ್ ಪ್ರೋಟೋಕಾಲನ್ನು ತಾನೇ ಮಾತಾಡುವ ಲೈಬ್ರರಿ ಅವರ ಕೈಯಲ್ಲಿತ್ತು: ಜಾವಾ ಸೆಕ್ಯೂರ್ ಚಾನೆಲ್, ಎಲ್ಲರ ಬಾಯಲ್ಲಿ ಜೆಎಸ್‌ಸಿಎಚ್. ಜಪಾನಿನ ಜೆಕ್ರಾಫ್ಟ್‌ನ ಅತ್ಸುಹಿಕೊ ಯಾಮಾನಾಕಾ ಬರೆದದ್ದು. ಕಾಪಿರೈಟ್ ಸಾಲು 2002ರಿಂದ ಶುರುವಾಗುತ್ತದೆ. ಪೂರ್ತಿ ಜಾವಾ, ಬೇರಾವ ಲೈಬ್ರರಿಯ ಹಂಗಿಲ್ಲ, ಕೊನೆಯ ಆವೃತ್ತಿಯ ಜಾರ್ ಫೈಲ್ ಕೂಡ 300 ಕಿಲೋಬೈಟ್ ದಾಟುವುದಿಲ್ಲ. ಎಕ್ಲಿಪ್ಸ್ ಇದನ್ನು ಒಳಗೇ ಇಟ್ಟುಕೊಂಡಿತು, ಆಂಟ್‌ನ ಎಸ್‌ಎಸ್‌ಎಚ್ ಟಾಸ್ಕುಗಳು ಇದರ ಮೇಲೆಯೇ ನಿಂತವು. ಹೆಚ್ಚುಕಡಿಮೆ ಒಬ್ಬನೇ ಮನುಷ್ಯ ಇಷ್ಟು ಕ್ಲಿಷ್ಟ ಪ್ರೋಟೋಕಾಲನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿ, ಬಿಟ್ಟಿಯಾಗಿ ಕೊಟ್ಟದ್ದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಮುಂದೆ ಬರುವ ದೂರುಗಳನ್ನು ಈ ಮೆಚ್ಚುಗೆಯ ಪಕ್ಕದಲ್ಲಿಟ್ಟೇ ಓದಬೇಕು.

ಲೈಬ್ರರಿಗೆ ಕೈಪಿಡಿ ಎಂಬುದು ಇರಲಿಲ್ಲ. ಸೋರ್ಸ್ ಕೋಡಿನಲ್ಲಿ ವಿವರಣೆ ಹುಡುಕಿದರೂ ಸಿಗದು. ‘ಎಕ್ಸಾಂಪಲ್ಸ್’ ಎಂಬ ಫೋಲ್ಡರೇ ಎಲ್ಲರ ಪಾಠಶಾಲೆ. ಅಲ್ಲಿನ ‘ಎಕ್ಸೆಕ್’ ಎಂಬ ಉದಾಹರಣೆಯನ್ನೇ ನೋಡಿ. ಹೆಸರು, ಹೋಸ್ಟ್, ಪಾಸ್‌ವರ್ಡ್ ಕೇಳಲು ಸ್ವಿಂಗ್‌ನ ಡೈಲಾಗ್ ಪೆಟ್ಟಿಗೆಗಳು ತೆರೆದುಕೊಳ್ಳುತ್ತವೆ. ‘ಯೂಸರ್‌ಇನ್‌ಫೋ’ ಎಂಬ ಇಂಟರ್‌ಫೇಸ್ ಒಂದಿದೆ. ಅದರಲ್ಲಿ ಹೌದೋ ಅಲ್ಲವೋ ಎಂದು ಕೇಳುವ ಮೆಥಡ್ ಒಂದಿದೆ. ಹೊಸ ಯಂತ್ರದ ಕೀ ಕಂಡಾಗ ‘ಇದನ್ನು ನಂಬಲೇ?’ ಎಂಬ ಪ್ರಶ್ನೆ ಬರುವುದು ಅದರ ಮೂಲಕ. ಅಂದರೆ ಯಾಮಾನಾಕಾ ತಮ್ಮ ವಿನ್ಯಾಸದಲ್ಲಿ ಕುರ್ಚಿಯನ್ನೂ ಮನುಷ್ಯನನ್ನೂ ಉಳಿಸಿಕೊಂಡಿದ್ದರು. ಡೀಫಾಲ್ಟ್ ಸೆಟ್ಟಿಂಗ್ ಕೂಡ ‘ಕೇಳು’ ಎಂದೇ ಇದೆ. ಇದು ಅವರ ಪರವಾಗಿ ಹೇಳಬೇಕಾದ ದೊಡ್ಡ ಮಾತು. ಆಮೇಲೆ ಬಂದ, ಚೆನ್ನಾಗಿ ನೋಡಿಕೊಳ್ಳಲಾಗುತ್ತಿರುವ ಅಪಾಚೆ ಮಿನಾ ಎಸ್‌ಎಸ್‌ಎಚ್‌ಡಿ ಲೈಬ್ರರಿಯ ಕ್ಲೈಂಟ್ ಸುಮ್ಮನೆ ಬಿಟ್ಟರೆ ಯಾವ ಕೀ ಬಂದರೂ ಒಪ್ಪಿಕೊಂಡು ಲಾಗ್‌ನಲ್ಲೊಂದು ಎಚ್ಚರಿಕೆ ಬರೆದು ಮುಂದುವರಿಯುತ್ತದೆ.

ಉದಾಹರಣೆಯನ್ನು ನಕಲು ಮಾಡಿಕೊಂಡವರಿಗೆ ಡೈಲಾಗ್ ಪೆಟ್ಟಿಗೆ ಬೇಡವಾಗಿತ್ತು, ಪರದೆಯೇ ಇಲ್ಲದ ಸರ್ವರಿನಲ್ಲಿ ಅದು ತೆರೆದುಕೊಳ್ಳುವುದೂ ಇಲ್ಲ. ಅವರು ಪೆಟ್ಟಿಗೆ ಕಿತ್ತು ಆ ಮೆಥಡ್ ಒಳಗೆ ‘ರಿಟರ್ನ್ ಟ್ರೂ’ ಎಂದು ಬರೆದರು. ಮನುಷ್ಯನಿದ್ದ ಜಾಗಕ್ಕೆ ಬಂದದ್ದು ಯಾರೇನು ಕೇಳಿದರೂ ತಲೆಯಾಡಿಸುವ ಕೋಲೆಬಸವ. ಹೀಗೆ ಎನ್‌ಕ್ರಿಪ್ಷನ್ ಇದ್ದೂ ಇಲ್ಲದಂತಾಯಿತು; ಯಾರೊಂದಿಗೆ ಮಾತಾಡುತ್ತಿದ್ದೇವೆಂದೇ ಖಚಿತವಿಲ್ಲದಿದ್ದರೆ ಗುಟ್ಟಾಗಿ ಮಾತಾಡಿ ಪ್ರಯೋಜನವೇನು? ಎಷ್ಟೋ ಕಡೆ ಇನ್ನೂ ಮುಂದೆ ಹೋಗಿ ಪಾಸ್‌ವರ್ಡನ್ನು ಪ್ರಾಪರ್ಟೀಸ್ ಫೈಲಿನಲ್ಲಿ ಬರೆದು, ಆ ಫೈಲನ್ನು ಗಿಟ್‌ಗೂ ಹಾಕಿರುತ್ತಾರೆ.

ಅದೇ ಉದಾಹರಣೆಯ ಕೆಳಭಾಗದಲ್ಲೊಂದು ಲೂಪ್ ಇದೆ. 1024 ಬೈಟ್‌ಗಳ ಅರೆಯಲ್ಲಿ ಬಂದಷ್ಟು ಓದು, ಚಾನೆಲ್ ಮುಚ್ಚಿದೆಯೇ ನೋಡು, ಇಲ್ಲದಿದ್ದರೆ ಒಂದು ಸೆಕೆಂಡ್ ನಿದ್ದೆ ಮಾಡು, ಮತ್ತೆ ನೋಡು. ಆ ನಿದ್ದೆಯ ಸುತ್ತ ಇರುವ ಕ್ಯಾಚ್ ಬ್ಲಾಕ್ ಖಾಲಿ. ಟೈಮ್‌ಔಟ್ ಎಂಬುದೇ ಇಲ್ಲ. ಪರದೆ ಮುಂದೆ ಕೂತವನು ಬೇಜಾರಾದರೆ ಕಂಟ್ರೋಲ್-ಸಿ ಒತ್ತುತ್ತಾನೆ, ಅವನಿಗೆ ಇಷ್ಟು ಸಾಕು. ರಾತ್ರಿ ಎರಡಕ್ಕೆ ಓಡುವ ಪ್ರೋಗ್ರಾಂಗೆ ಇದು ಕೊನೆಯಿಲ್ಲದ ಕಾಯುವಿಕೆ. ಆದರೂ ಈ ಲೂಪು ಅಕ್ಷರ ಬದಲಾಗದೆ ಅದೆಷ್ಟು ಕಂಪನಿಗಳ ಕೋಡಿನಲ್ಲಿ ಕೂತಿದೆಯೋ!

ಯಾಕೆ ಕಾಯುತ್ತದೆ ಎಂಬಲ್ಲಿ ಈ ರೂಢಿಯ ನಿಜವಾದ ದೋಷ ಬಯಲಾಗುತ್ತದೆ. ಸರ್ವರ್ ಶುರು ಮಾಡುವ ಆಜ್ಞೆಯನ್ನು ಕೈಯಾರೆ ಟೈಪ್ ಮಾಡಿದಾಗ ಓಡಿತ್ತು. ಅದನ್ನೇ ಎಕ್ಸೆಕ್ ಚಾನೆಲಿಗೆ ಕೊಟ್ಟರೆ ಮೊದಲು ಬರುವ ಉತ್ತರ ‘ಜಾವಾ: ಕಮಾಂಡ್ ನಾಟ್ ಫೌಂಡ್’. ಮನುಷ್ಯ ಲಾಗಿನ್ ಆದಾಗ ಶೆಲ್ ಅವನ ಪ್ರೊಫೈಲ್ ಫೈಲನ್ನು ಓದುತ್ತದೆ, ಜಾವಾ ಎಲ್ಲಿದೆಯೆಂದು ಗೊತ್ತಾಗುವುದು ಅಲ್ಲಿ. ಎಕ್ಸೆಕ್‌ಗೆ ಆ ಉಪಚಾರವಿಲ್ಲ. ಉಬುಂಟುವಿನಲ್ಲಂತೂ ಬ್ಯಾಶ್‌ಆರ್‌ಸಿ ಫೈಲಿನ ಆರಂಭದಲ್ಲೇ, ಎದುರಿಗೆ ಮನುಷ್ಯನಿಲ್ಲದಿದ್ದರೆ ಇಲ್ಲಿಂದಲೇ ವಾಪಸ್ ಎಂಬ ನಿಯಮ ಬರೆದಿರುತ್ತದೆ.

ಜಾವಾಗೆ ಪೂರ್ತಿ ಪಾತ್ ಕೊಟ್ಟು, ಕೊನೆಗೆ ಹಿನ್ನೆಲೆಗೆ ತಳ್ಳುವ ‘&’ ಹಾಕಿದರೆ ಸರ್ವರ್ ಏಳುತ್ತದೆ, ಚಾನೆಲ್ ಮುಚ್ಚುವುದಿಲ್ಲ. ಹಿನ್ನೆಲೆಗೆ ಹೋದ ಪ್ರೋಗ್ರಾಂ ಔಟ್‌ಪುಟ್ ಪೈಪನ್ನು ಹಿಡಿದುಕೊಂಡೇ ಇರುತ್ತದೆ, ಆ ಪೈಪ್ ಬಿಡುವವರೆಗೆ ಎಸ್‌ಎಸ್‌ಎಚ್ ಡೀಮನ್ ಕಾಯುತ್ತದೆ, ನಮ್ಮ ಲೂಪು ಸೆಕೆಂಡಿಗೊಮ್ಮೆ ಎದ್ದು ಮಲಗುತ್ತದೆ. ಸುಸ್ತಾದ ಪ್ರೋಗ್ರಾಮರ್ ಟರ್ಮಿನಲ್ ಕೊಡು ಎಂದು ‘ಸೆಟ್ ಪಿಟಿವೈ’ಗೆ ಟ್ರೂ ಹಾಕುತ್ತಾನೆ. ಈಗ ಚಾನೆಲ್ ಮುಚ್ಚುತ್ತದೆ, ಜೊತೆಗೆ ಸರ್ವರೂ ಸಾಯುತ್ತದೆ. ಟರ್ಮಿನಲ್ ಹೋದಾಗ ಅದರ ಮಕ್ಕಳಿಗೆಲ್ಲ ಹ್ಯಾಂಗ್‌ಅಪ್ ಸಿಗ್ನಲ್ ಹೋಗುವುದು ಯೂನಿಕ್ಸ್‌ನ ಹಳೆಯ ಪದ್ಧತಿ. ಆಮೇಲೆ ಆ ಸಿಗ್ನಲ್ಲಿಗೆ ಕಿವಿಗೊಡದಂತೆ ಮಾಡುವ ನೋಹಪ್ ಬರುತ್ತದೆ, ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿ ಇನ್‌ಪುಟ್ಟನ್ನು ಡೆವ್-ನಲ್‌ಗೆ ಕಟ್ಟುವ ಮಂತ್ರ ಬರುತ್ತದೆ. 2016ರಲ್ಲಿ, ಲಿನಕ್ಸ್‌ನಲ್ಲಿ ಸರ್ವಿಸುಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯ 230ನೇ ಆವೃತ್ತಿ, ಲಾಗೌಟ್ ಆದವರು ಬಿಟ್ಟುಹೋದ ಪ್ರೋಗ್ರಾಂಗಳನ್ನೆಲ್ಲ ಮುಗಿಸಿಬಿಡುವುದನ್ನೇ ಡೀಫಾಲ್ಟ್ ಮಾಡಿದಾಗ ನೋಹಪ್ ಕೂಡ ಕಾಪಾಡಲಿಲ್ಲ. ದೊಡ್ಡ ಗಲಾಟೆಯೇ ಎದ್ದಿತು, ಡೆಬಿಯನ್ ಆ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಿತು. ಗಲಾಟೆ ಮಾಡಿದವರ ಸಿಟ್ಟು ನ್ಯಾಯವೇ. ಆದರೆ ಸಿಸ್ಟಮ್‌ಡಿ ಎತ್ತಿದ ಪ್ರಶ್ನೆಯೂ ನ್ಯಾಯವೇ: ಹೊರಟುಹೋದ ಮನುಷ್ಯನ ಹೆಸರಿನಲ್ಲಿ ತಿಂಗಳುಗಟ್ಟಲೆ ಓಡುವ ಸರ್ವರಿಗೆ ವಾರಸುದಾರ ಯಾರು?

ಇಷ್ಟೆಲ್ಲ ದಾಟಿದ ಮೇಲೆ ಕೈಗೆ ಬರುವುದು ಎಕ್ಸಿಟ್ ಸ್ಟೇಟಸ್ ಸೊನ್ನೆ. ಲಾಗ್‌ನಲ್ಲಿ ‘ಸರ್ವರ್ ಶುರುವಾಯಿತು’ ಎಂದು ಹಸಿರು ಸಾಲು. ಆ ಸೊನ್ನೆ ಹೇಳುವುದು ಶೆಲ್ ಸರಿಯಾಗಿ ಮುಗಿಯಿತು ಎಂದಷ್ಟೇ. 8080 ಪೋರ್ಟ್ ಬೇರೆ ಯಾರದೋ ಕೈಯಲ್ಲಿದ್ದು ಸರ್ವರ್ ಮೂರನೇ ಸೆಕೆಂಡಿಗೆ ಸತ್ತಿದ್ದರೂ ಸೊನ್ನೆ ಸೊನ್ನೆಯೇ. ಸರ್ವರಿನ ಆರೋಗ್ಯವನ್ನು ಆಮೇಲೆ ಹೋಗಿ ಕೇಳುವ ಒಂದು ಸಾಲು ಕೂಡ ಇರದ ಇಂಥ ಪ್ರೋಗ್ರಾಂಗಳು ತಮ್ಮ ಕೆಲಸದ ಅರ್ಧವನ್ನಷ್ಟೇ ಮಾಡುತ್ತವೆ, ಅದೂ ಸುಲಭದ ಅರ್ಧವನ್ನು.

ಇದೇ ಕೆಲಸವನ್ನು ಚೆನ್ನಾಗಿ ಮಾಡಿದವರೂ ಇದ್ದಾರೆ. ಜೆಂಕಿನ್ಸ್ ತನ್ನ ಬಿಲ್ಡ್ ಏಜೆಂಟನ್ನು ಎಸ್‌ಎಸ್‌ಎಚ್ ಮೂಲಕ ಎಬ್ಬಿಸುವಾಗ ದೂರದ ಯಂತ್ರಕ್ಕೆ ‘ರಿಮೋಟಿಂಗ್’ ಎಂಬ ಜಾರ್ ಫೈಲನ್ನು ಕಳಿಸಿ, ಅಲ್ಲಿ ಜಾವಾ ಓಡಿಸಿ, ಅದರ ಇನ್‌ಪುಟ್ ಔಟ್‌ಪುಟ್ ಪೈಪುಗಳನ್ನೇ ಸಂಭಾಷಣೆಯ ದಾರಿಯಾಗಿ ಬಳಸುತ್ತದೆ. ಹಿನ್ನೆಲೆಗೆ ತಳ್ಳುವ ಆಟವೇ ಇಲ್ಲ. ಚಾನೆಲ್ ಇರುವಷ್ಟು ಹೊತ್ತು ಏಜೆಂಟ್, ಚಾನೆಲ್ ಕಡಿದರೆ ಏಜೆಂಟ್ ಮುಗಿಯಿತು. ಸೆಷನ್ನಿನ ಆಯುಸ್ಸೂ ಪ್ರೋಗ್ರಾಮಿನ ಆಯುಸ್ಸೂ ಒಂದೇ. ಎಸ್‌ಎಸ್‌ಎಚ್ ಸೆಷನ್ ಏನನ್ನು ಕೊಡಬಲ್ಲದೋ ಅದನ್ನಷ್ಟೇ ಕೇಳುವ ಈ ವಿನ್ಯಾಸ ನನಗೆ ಬಹಳ ಇಷ್ಟ. ಹಾಗಿದ್ದೂ ಈ ಕೆಲಸ ಮಾಡುವ ಜೆಂಕಿನ್ಸ್ ಪ್ಲಗಿನ್ ಎದುರಿನ ಯಂತ್ರದ ಕೀಯನ್ನು ಪರೀಕ್ಷಿಸುತ್ತಲೇ ಇರಲಿಲ್ಲವೆಂದು 2017ರಲ್ಲಿ ಭದ್ರತಾ ಪ್ರಕಟಣೆ ಹೊರಡಿಸಿ ಸರಿಪಡಿಸಬೇಕಾಯಿತು. ಕೋಲೆಬಸವ ಅಲ್ಲಿಯೂ ಇದ್ದ.

ಜೆಎಸ್‌ಸಿಎಚ್ ಕಥೆ 2018ರ ನವೆಂಬರಿನಲ್ಲಿ 0.1.55 ಆವೃತ್ತಿಯೊಂದಿಗೆ ನಿಂತಿತು. ಲೋಕ ನಿಲ್ಲಲಿಲ್ಲ. ಅದೇ ವರ್ಷ ಓಪನ್‌ಎಸ್‌ಎಸ್‌ಎಚ್ 7.8 ಹೊಸ ಕೀಗಳನ್ನು ತನ್ನದೇ ಹೊಸ ಮಾದರಿಯಲ್ಲಿ ಬರೆಯತೊಡಗಿತು, ಜೆಎಸ್‌ಸಿಎಚ್ ಅವನ್ನು ‘ಇನ್ವ್ಯಾಲಿಡ್ ಪ್ರೈವೇಟ್ ಕೀ’ ಎಂದು ತಳ್ಳಿತು. 2021ರ 8.8 ಆವೃತ್ತಿ ಹಳೆಯ ಎಸ್‌ಎಚ್‌ಎ-1 ಆಧಾರದ ಆರ್‌ಎಸ್‌ಎ ಸಹಿಯನ್ನು ಡೀಫಾಲ್ಟಾಗಿ ನಿಲ್ಲಿಸಿತು, ವರ್ಷಗಟ್ಟಲೆ ತಣ್ಣಗೆ ಓಡುತ್ತಿದ್ದ ಲಾಗಿನ್‌ಗಳು ಸರ್ವರ್ ಅಪ್‌ಗ್ರೇಡ್ ಆದ ರಾತ್ರಿ ‘ಆತ್ ಫೇಲ್’ ಎಂಬ ಎರಡೇ ಪದ ಹೇಳಿ ಬಿದ್ದವು. ಪಾಸ್‌ವರ್ಡ್ ತಪ್ಪಿದ್ದರೂ ಅದೇ ಎರಡು ಪದ, ಸಹಿಯ ಅಲ್ಗಾರಿದಂ ಹೊಂದದಿದ್ದರೂ ಅದೇ ಎರಡು ಪದ. ಇದು ಲೈಬ್ರರಿಯ ಕ್ಷಮಿಸಲಾಗದ ಗುಣ. ಎಸ್‌ಎಸ್‌ಎಚ್‌ನಂಥ ಪ್ರೋಟೋಕಾಲನ್ನು ಜಾರ್ ಫೈಲಿನಲ್ಲಿ ಹೊತ್ತು ತಿರುಗುವುದೆಂದರೆ ಅದರ ಪ್ರತಿ ಭದ್ರತಾ ಬದಲಾವಣೆಯ ಜೊತೆ ಓಡುವ ಹೊಣೆಯನ್ನೂ ಹೊತ್ತಂತೆ. ಅಪ್ಲಿಕೇಶನ್ ಬರೆಯುವ ತಂಡಗಳು ಆ ಹೊಣೆಯನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಮಥಿಯಾಸ್ ವೀಡೆಮಾನ್ ಫೋರ್ಕ್ ಮಾಡಿ ಅದನ್ನು ಮುಂದುವರಿಸಿದ್ದರಿಂದ ಎಷ್ಟೋ ತಂಡಗಳು ಉಳಿದುಕೊಂಡವು.

ಹಾಗಾದರೆ ಜಾವಾದಿಂದ ಲಾಗಿನ್ ಮಾಡಲೇಬಾರದೇ? ಫೈಲ್ ಕಳಿಸುವ ಎಸ್‌ಎಫ್‌ಟಿಪಿ ಕೆಲಸ ಅಪ್ಲಿಕೇಶನ್ ಒಳಗೇ ಇದ್ದರೆ, ಏಕಕಾಲಕ್ಕೆ ನೂರಾರು ಸಂಪರ್ಕ ಬೇಕಿದ್ದರೆ ಲೈಬ್ರರಿ ಬಳಸುವುದೇ ಸರಿ. ಸರ್ವರ್ ಎಬ್ಬಿಸಲಿಕ್ಕೆ ಮಾತ್ರವಾದರೆ ನಾನು ಪ್ರೊಸೆಸ್‌ಬಿಲ್ಡರ್‌ನಿಂದ ಯಂತ್ರದಲ್ಲಿರುವ ಎಸ್‌ಎಸ್‌ಎಚ್ ಆಜ್ಞೆಯನ್ನೇ ಕರೆಯುತ್ತೇನೆ, ‘ಬ್ಯಾಚ್‌ಮೋಡ್’ಗೆ ಎಸ್ ಕೊಟ್ಟು. ಆ ಆಯ್ಕೆ ಕೊಟ್ಟರೆ ಎಸ್‌ಎಸ್‌ಎಚ್ ಏನನ್ನೂ ಕೇಳುವುದಿಲ್ಲ. ಉತ್ತರ ಬೇಕಾಗುವ ಸಂದರ್ಭ ಬಂದರೆ ಸೋತು ಹಿಂದಿರುಗುತ್ತದೆ. ಕುರ್ಚಿ ಖಾಲಿಯಿದೆ ಎಂಬ ಸತ್ಯವನ್ನು ಹೀಗೆ ಒಪ್ಪಿಕೊಂಡರೆ ಮುಂದಿನದೆಲ್ಲ ಸಲೀಸು. ಅಲ್ಗಾರಿದಮ್ಮುಗಳ ಚಿಂತೆ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಮಾಡುವವರದು. ಎರರ್ ಸ್ಟ್ರೀಮನ್ನು ಔಟ್‌ಪುಟ್ಟಿಗೆ ಸೇರಿಸಿ ಓದುತ್ತಿರಬೇಕು, ಇಲ್ಲದಿದ್ದರೆ ಪೈಪ್ ತುಂಬಿ ಎರಡೂ ಕಡೆ ಸ್ತಬ್ಧ. ಕಾಯುವುದಕ್ಕೆ ಒಂದು ಟೈಮ್‌ಔಟ್ ಬೇಕೇಬೇಕು.

ದೂರದ ಯಂತ್ರದಲ್ಲಿ ಮಾಡಬೇಕಾದ್ದು ಇದಕ್ಕಿಂತ ಮುಖ್ಯ. ಸರ್ವರನ್ನು ಸಿಸ್ಟಮ್‌ಡಿ ಯೂನಿಟ್ ಆಗಿ ಬರೆದಿಡಬೇಕು. ಅದಕ್ಕೆ ವಾರಸುದಾರ ಸಿಕ್ಕಂತಾಗುತ್ತದೆ, ಬಿದ್ದಾಗ ಎಬ್ಬಿಸು ಎಂದು ಯೂನಿಟ್‌ನಲ್ಲಿ ಬರೆದರೆ ಆ ಕೆಲಸವೂ ಸಿಸ್ಟಮ್‌ಡಿಯದೇ. ಈ ಕೆಲಸಕ್ಕೆಂದೇ ಒಂದು ಕೀ ಮಾಡಿ, ಅಥರೈಸ್ಡ್ ಕೀಸ್ ಫೈಲಿನಲ್ಲಿ ಆ ಕೀ ಇರುವ ಸಾಲಿನ ಆರಂಭದಲ್ಲಿ ‘ರೆಸ್ಟ್ರಿಕ್ಟ್’ ಎಂದೂ, ಓಡಬೇಕಾದ ಒಂದೇ ಒಂದು ಆಜ್ಞೆ ಯಾವುದೆಂದೂ ಬರೆಯಬೇಕು. ಆಮೇಲೆ ಆ ಕೀ ಕದ್ದವನಿಗೆ ಶೆಲ್ ಸಿಗುವುದಿಲ್ಲ, ಟರ್ಮಿನಲ್ ಸಿಗುವುದಿಲ್ಲ, ಸರ್ವರನ್ನು ಸ್ಟಾರ್ಟ್ ಮಾಡುವುದಷ್ಟೇ ಅವನಿಂದಾಗುವುದು. ಈಗಾಗಲೇ ಹಳೆಯ ಜೆಎಸ್‌ಸಿಎಚ್ ಇಟ್ಟುಕೊಂಡಿರುವವರು ಮೇವನ್ ಫೈಲಿನಲ್ಲಿ ಅದರ ಜಾಗಕ್ಕೆ ಫೋರ್ಕನ್ನು ಹಾಕಿದರೆ ಪ್ಯಾಕೇಜ್ ಹೆಸರು ಅದೇ ಇರುವುದರಿಂದ ಕೋಡು ಸಾಮಾನ್ಯವಾಗಿ ಹಾಗೇ ಕಂಪೈಲ್ ಆಗುತ್ತದೆ. 0.2.0ರಿಂದ ಅದೂ ಹಳೆಯ ಆರ್‌ಎಸ್‌ಎ ಸಹಿಯನ್ನು ಡೀಫಾಲ್ಟಾಗಿ ಬಿಟ್ಟಿದೆ, ಹಾಗಾಗಿ ಹತ್ತು ವರ್ಷದಿಂದ ಅಪ್‌ಡೇಟ್ ಕಾಣದ ಸರ್ವರುಗಳೊಂದಿಗಿನ ಸಂಪರ್ಕ ಮೊದಲ ದಿನವೇ ಕಡಿದೀತು. ಆ ಹಳೆಯ ಸಹಿಯನ್ನು ಸೆಟ್ಟಿಂಗ್‌ನಲ್ಲಿ ಮತ್ತೆ ಸೇರಿಸಬಹುದು. ಸೇರಿಸುವ ಮುನ್ನ ಆ ಸರ್ವರುಗಳ ಹೆಸರುಗಳನ್ನು ಒಂದು ಕಡೆ ಬರೆದು ಮ್ಯಾನೇಜರಿಗೆ ಕಳಿಸಿ.