ಅರಿಯದೆ ಆಡಿದ ಅಸತ್ಯ: ‘ಫ್ಯಾಂಟಮ್ಸ್ ಇನ್ ದಿ ಬ್ರೈನ್’ ಗ್ರಂಥದ ವಿಮರ್ಶೆ

ಪಾರ್ಶ್ವವಾಯುವಿನಿಂದ ಎಡಗೈ ಎಡಗಾಲುಗಳ ಸ್ವಾಧೀನ ತಪ್ಪಿದ ವೃದ್ಧೆಯೊಬ್ಬರನ್ನು ವೈದ್ಯರು ಪರೀಕ್ಷಿಸುತ್ತಾರೆ. ಎಡಗೈಯಿಂದ ತಮ್ಮ ಮೂಗನ್ನು ಮುಟ್ಟುವಂತೆ ಕೇಳುತ್ತಾರೆ. ಕೈ ಹಾಸಿಗೆಯ ಮೇಲೆ ನಿಶ್ಚಲವಾಗಿ ಬಿದ್ದಿದೆ. ಆದರೂ ತಾವು ಮುಟ್ಟುತ್ತಿರುವುದಾಗಿ ಆಕೆ ನಿಸ್ಸಂಕೋಚವಾಗಿ ಹೇಳುತ್ತಾರೆ. ಚಪ್ಪಾಳೆ ತಟ್ಟಲು ಹೇಳಿದರೆ ಬಲಗೈಯೊಂದೇ ಗಾಳಿಯಲ್ಲಿ ಆಡುತ್ತದೆ. ಚಪ್ಪಾಳೆ ತಟ್ಟಿದೆನೆಂಬ ತೃಪ್ತಿ ಮುಖದಲ್ಲಿರುತ್ತದೆ. ಆಕೆಗೆ ಬುದ್ಧಿಭ್ರಮಣೆಯಾಗಿಲ್ಲ. ತಾವು ಎಲ್ಲಿದ್ದೇವೆ, ಏಕೆ ಬಂದೆವು ಎಂಬುದೆಲ್ಲ ಸರಿಯಾಗಿಯೇ ತಿಳಿದಿದೆ. ಹಾಗಾದರೆ ಆಕೆ ಆಡಿದ್ದು ಸುಳ್ಳೇ?

ಈ ಪ್ರಶ್ನೆಯನ್ನು ಎತ್ತಿಕೊಡುವ ಗ್ರಂಥ ‘ಫ್ಯಾಂಟಮ್ಸ್ ಇನ್ ದಿ ಬ್ರೈನ್’. 1998ರಲ್ಲಿ ಪ್ರಕಟವಾದ ಈ ಆಂಗ್ಲ ಕೃತಿಯ ಕರ್ತೃ ತಮಿಳುನಾಡಿನಲ್ಲಿ ಜನಿಸಿ, ಚೆನ್ನೈಯ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯಲ್ಲಿ ಪ್ರಾಧ್ಯಾಪಕರಾದ ಡಾ. ವಿ. ಎಸ್. ರಾಮಚಂದ್ರನ್. ಸಹಲೇಖಕಿ ಸಾಂಡ್ರಾ ಬ್ಲೇಕ್ಸ್‌ಲೀ. ಹನ್ನೆರಡು ಅಧ್ಯಾಯಗಳ ಈ ಗ್ರಂಥದಲ್ಲಿ ಹಲವು ಅಧ್ಯಾಯಗಳು ರೋಗಿಗಳ ವೃತ್ತಾಂತದಿಂದ ಹೊರಟು ಮಿದುಳಿನ ರಚನೆಯತ್ತ ಸಾಗುತ್ತವೆ. ಹತ್ತಿಯ ತುಂಡು, ಒಂದು ಕನ್ನಡಿ, ತಣ್ಣೀರು, ಇಷ್ಟೇ ಉಪಕರಣಗಳಿಂದ ಲೇಖಕರು ನಡೆಸಿದ ಪರೀಕ್ಷೆಗಳು ವಾಚಕರನ್ನು ಬೆರಗುಗೊಳಿಸುತ್ತವೆ.

ಮೊದಲ ಅಧ್ಯಾಯಗಳ ವಸ್ತು ಇಲ್ಲದ ಕೈಯ ಅನುಭವ. ಅಪಘಾತದಲ್ಲಿ ಕೈ ಕಳೆದುಕೊಂಡ ತರುಣನ ಕೆನ್ನೆಯನ್ನು ಹತ್ತಿಯಿಂದ ಸವರಿದಾಗ, ಇಲ್ಲದ ಕೈಯ ಬೆರಳಿನಲ್ಲಿ ಅವನಿಗೆ ಸ್ಪರ್ಶ ತಿಳಿಯುತ್ತದೆ. ಮಿದುಳಿನ ಮೇಲ್ಪದರದಲ್ಲಿರುವ ಶರೀರದ ನಕ್ಷೆಯಲ್ಲಿ ಕೈಯ ಸ್ಥಾನವೂ ಮುಖದ ಸ್ಥಾನವೂ ನೆರೆಹೊರೆ; ಕೈಯಿಂದ ಸುದ್ದಿ ಬರುವುದು ನಿಂತಾಗ ಮುಖದ ನರಗಳು ಆ ಜಾಗವನ್ನು ಆಕ್ರಮಿಸುತ್ತವೆ ಎಂದು ಲೇಖಕರು ವಿವರಿಸುತ್ತಾರೆ. ಇನ್ನೊಬ್ಬ ರೋಗಿಯ ಇಲ್ಲದ ಕೈ ಹತ್ತು ವರ್ಷಗಳಿಂದ ಸೆಟೆದುಕೊಂಡು ನೋಯುತ್ತಿತ್ತು. ಪೆಟ್ಟಿಗೆಯಲ್ಲಿ ನಿಲ್ಲಿಸಿದ ಕನ್ನಡಿಯಲ್ಲಿ ಇರುವ ಕೈಯ ಪ್ರತಿಬಿಂಬವನ್ನು ಕಂಡೊಡನೆ ಇಲ್ಲದ ಕೈ ಚಲಿಸಿತು. ಕೆಲವು ವಾರಗಳ ಅಭ್ಯಾಸದಿಂದ ಆ ತೋಳೇ ಮಾಯವಾಯಿತು.

ಇಲ್ಲಿ ನಮ್ಮ ಸ್ವಾಧ್ಯಾಯಪರ ವಾಚಕರಿಗೆ ಒಂದು ಪ್ರಲೋಭನೆ ಎದುರಾಗುವುದು ಸಹಜ. ಜೀವವು ಸ್ವದೇಹಪ್ರಮಾಣವುಳ್ಳದ್ದು, ದೀಪದ ಬೆಳಕಿನಂತೆ ಅದರ ಪ್ರದೇಶಗಳು ಸಂಕೋಚ-ವಿಸ್ತಾರ ಹೊಂದುತ್ತವೆ ಎಂಬುದು ನಮ್ಮ ಸಿದ್ಧಾಂತ. ಕೈ ಹೋದರೂ ಆತ್ಮಪ್ರದೇಶಗಳು ಅಲ್ಲಿಯೇ ಉಳಿದಿವೆ, ಆದುದರಿಂದಲೇ ನೋವು; ಆತ್ಮವಿದೆಯೆಂಬುದಕ್ಕೆ ಅಮೆರಿಕದ ವೈದ್ಯರೇ ಸಾಕ್ಷಿ ಎಂದು ಹೇಳಿಬಿಡುವ ಮನಸ್ಸಾಗುತ್ತದೆ. ಗ್ರಂಥವನ್ನು ಪೂರ್ಣವಾಗಿ ಓದಿದವರು ಹೀಗೆನ್ನಲಾರರು. ಹುಟ್ಟಿನಿಂದಲೇ ತೋಳುಗಳಿಲ್ಲದ ಮಹಿಳೆಗೂ ಇಲ್ಲದ ಕೈಗಳ ಅನುಭವವಿತ್ತೆಂದು ಇದೇ ಗ್ರಂಥ ಹೇಳುತ್ತದೆ. ಎಂದೂ ಇರದ ಅಂಗಕ್ಕೆ ಆತ್ಮಪ್ರದೇಶಗಳು ವ್ಯಾಪಿಸಿದ್ದು ಯಾವಾಗ? ಕನ್ನಡಿಯ ಉಪಾಯಕ್ಕೆ ಆತ್ಮಪ್ರದೇಶಗಳು ಮೋಸಹೋಗುವವೇ?

ಅಷ್ಟೇ ಅಲ್ಲ. ಲೇಖಕರ ವಿವರಣೆಯೇ ಈಗ ಅಲುಗಾಡಿದೆ. ಶಸ್ತ್ರಚಿಕಿತ್ಸೆಯಿಂದ ಕೈ ತೆಗೆಯಬೇಕಾಗಿದ್ದ ಮೂವರನ್ನು ಅದಕ್ಕೆ ಮೊದಲೂ ಅನಂತರವೂ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಿದುಳಿನ ನಕ್ಷೆಯಲ್ಲಿ ಕೈಯ ಸ್ಥಾನ ಹಾಗೆಯೇ ಉಳಿದಿದೆಯೆಂದೂ ಮುಖದ ಆಕ್ರಮಣ ಕಾಣಲಿಲ್ಲವೆಂದೂ ಕಂಡುಬಂದಿತು. ವಿಜ್ಞಾನದ ಮಟ್ಟಿಗೆ ಇದು ಅವಮಾನವಲ್ಲ, ಅದರ ಸ್ವಭಾವ. ಆದರೆ ಶಾಸ್ತ್ರವನ್ನು ಪ್ರಯೋಗಶಾಲೆಯಲ್ಲಿ ಅಡವಿಟ್ಟವರು, ಅಲ್ಲಿ ಬೆಲೆ ಏರಿಳಿದಾಗಲೆಲ್ಲ ಬಡ್ಡಿ ಕಟ್ಟಬೇಕಾಗುತ್ತದೆ.

ಗ್ರಂಥದ ಶ್ರೇಷ್ಠ ಭಾಗ ಆರಂಭದಲ್ಲಿ ಹೇಳಿದ ವೃದ್ಧೆಯಂಥವರ ಪ್ರಕರಣ. ತನ್ನ ಪಾರ್ಶ್ವವಾಯುವನ್ನೇ ಅರಿಯದ ಈ ಸ್ಥಿತಿಗೆ ಫ್ರಾನ್ಸಿನ ವೈದ್ಯ ಬಾಬಿನ್‌ಸ್ಕಿ 1914ರಲ್ಲಿ ‘ಅನೊಸೊಗ್ನೋಸಿಯಾ’ ಎಂದು ಹೆಸರಿಟ್ಟರು. ಮಿದುಳಿನ ಬಲಭಾಗ ಕೆಟ್ಟು ಎಡಪಾರ್ಶ್ವ ಬಿದ್ದವರಲ್ಲಿಯೇ ಇದು ಹೆಚ್ಚು. ಕೆಲವರು ಕೀಲುನೋವಿನ ನೆಪ ಹೇಳುತ್ತಾರೆ. ಕೆಲವರು ಆ ಕೈ ತಮ್ಮದಲ್ಲ, ಸಹೋದರನದೆನ್ನುತ್ತಾರೆ. ಒಂದೇ ಕೈಯಿಂದಾಗುವ ಕೆಲಸಕ್ಕೆ ಸಣ್ಣ ಬಹುಮಾನ, ಬೂಟಿನ ಲಾಡಿ ಕಟ್ಟುವಂಥ ಎರಡು ಕೈಗಳ ಕೆಲಸಕ್ಕೆ ದೊಡ್ಡ ಬಹುಮಾನವೆಂದು ಮುಂದಿಟ್ಟಾಗ, ಇವರು ಎರಡನೆಯದನ್ನೇ ಆರಿಸಿ ಸೋತು, ಮತ್ತೆಯೂ ಅದನ್ನೇ ಆರಿಸಿದರು. ಪರರನ್ನು ವಂಚಿಸುವವನು ತನಗೇ ನಷ್ಟವಾಗುವ ವ್ಯಾಪಾರವನ್ನು ಹೀಗೆ ಮತ್ತೆ ಮತ್ತೆ ಮಾಡುವುದಿಲ್ಲ. ಇವರ ನಂಬಿಕೆ ನಿಜವಾದ ನಂಬಿಕೆಯೆಂಬುದಕ್ಕೆ ಇದಕ್ಕಿಂತ ಪ್ರಬಲ ಸಾಕ್ಷ್ಯ ಬೇಕಿಲ್ಲ.

ಮುಂದಿನ ಪ್ರಯೋಗ ಇನ್ನೂ ಸೂಕ್ಷ್ಮ. ಇಟಲಿಯ ವೈದ್ಯರು ಮೊದಲು ಕಂಡುಕೊಂಡ ಕ್ರಮದಂತೆ, ಇಂಥ ರೋಗಿಯೊಬ್ಬರ ಎಡಗಿವಿಗೆ ಮಂಜಿನಷ್ಟು ತಣ್ಣನೆಯ ನೀರನ್ನು ಬಿಡಲಾಯಿತು. ಆಗ ಆಕೆ ತಮ್ಮ ಕೈ ಸ್ವಾಧೀನದಲ್ಲಿಲ್ಲವೆಂದೂ, ಅದು ಹೀಗಾಗಿ ಹಲವು ದಿನಗಳಾದವೆಂದೂ ಒಪ್ಪಿಕೊಂಡರು. ಕೆಲವು ಗಂಟೆಗಳ ಮೇಲೆ ಕೇಳಿದಾಗ ಪುನಃ ನಿರಾಕರಣೆ. ತಣ್ಣೀರು ಬಿಟ್ಟದ್ದು ನೆನಪಿದೆ. ತಾವು ಒಪ್ಪಿಕೊಂಡದ್ದು ಮಾತ್ರ ಇಲ್ಲ.

ಹಲವು ದಿನಗಳ ಲೆಕ್ಕ ಆಕೆಗೆ ತಿಳಿದಿತ್ತೆಂದ ಮೇಲೆ ಅರಿವು ಒಳಗೆ ಎಲ್ಲಿಯೋ ದಾಖಲಾಗುತ್ತಲೇ ಇತ್ತು. ಪ್ರಕಟವಾಗುವ ದಾರಿ ಮುಚ್ಚಿತ್ತು. ತತ್ತ್ವಾರ್ಥಸೂತ್ರವನ್ನು ಓದಿದವರಿಗೆ ಇಲ್ಲಿ ಭಾವೇಂದ್ರಿಯದ ಲಬ್ಧಿ ಮತ್ತು ಉಪಯೋಗಗಳ ಭೇದ ನೆನಪಾಗದಿರದು. ತಿಳಿಯುವ ಶಕ್ತಿ ಲಬ್ಧಿ, ಅದು ವಿಷಯದತ್ತ ಪ್ರವೃತ್ತವಾಗುವುದು ಉಪಯೋಗ, ಒಂದಿದ್ದು ಇನ್ನೊಂದಿಲ್ಲದಿರಬಹುದು. ಶರೀರ, ವಾಕ್ಕು, ಮನಸ್ಸು ಪುದ್ಗಲದ ಉಪಕಾರವೆಂದು ಉಮಾಸ್ವಾಮಿಗಳು ಎಣಿಸಿರುವುದರಿಂದ, ಮಿದುಳು ಕೆಟ್ಟರೆ ಮತಿಜ್ಞಾನ ಕುಂಠಿತವಾಗುವುದು ಜೈನ ವಾಚಕನಿಗೆ ಆಘಾತದ ಸುದ್ದಿಯಲ್ಲ. ಇದು ಸಾದೃಶ್ಯ ಮಾತ್ರ, ಪ್ರಮಾಣವಲ್ಲ.

ಅಪಾಯವಿರುವುದು ಬೇರೆಡೆ. ತಿಳಿದೂ ಒಪ್ಪದಿರುವುದು ಜ್ಞಾನಾವರಣವಲ್ಲ, ಮೋಹನೀಯದ ಕಾರ್ಯ ಎಂದು ವಾದಿಸಿ ರೋಗಿಯನ್ನು ಮಿಥ್ಯಾದೃಷ್ಟಿಯ ಸಾಲಿಗೆ ಸೇರಿಸುವವರು ಉಂಟು. ಮಿಥ್ಯಾತ್ವವು ತತ್ತ್ವಗಳ ವಿಷಯದಲ್ಲಿನ ವಿಪರೀತ ಶ್ರದ್ಧೆ, ಕೈಕಾಲುಗಳ ವಿಷಯದಲ್ಲಲ್ಲ. ಅಸತ್ಯದ ಲಕ್ಷಣಕ್ಕೆ ಪ್ರಮತ್ತಯೋಗವೆಂಬ ವಿಶೇಷಣವನ್ನು ಅನ್ವಯಿಸಿರುವುದೂ ಇದಕ್ಕಾಗಿಯೇ; ಕಷಾಯದ ಪ್ರೇರಣೆಯಿಲ್ಲದೆ, ಮಿದುಳಿನ ಗಾಯವೊಂದು ನುಡಿಸಿದ ಮಾತಿನಿಂದ ಸತ್ಯಾಣುವ್ರತಕ್ಕೆ ಭಂಗ ಬರುವುದಿಲ್ಲ. ಆದರೆ ಮನೆಗಳಲ್ಲಿ ನಡೆಯುವುದೇನು? ಲಕ್ವ ಹೊಡೆದ ಅಜ್ಜಿ ತನಗೇನೂ ಆಗಿಲ್ಲವೆಂದಾಗ ಮಕ್ಕಳು ಹಟವೆಂದು ಗದರುತ್ತಾರೆ. ಬಂದ ನೆಂಟರು ಪೂರ್ವಕರ್ಮವೆಂದು ನಿಟ್ಟುಸಿರಿಟ್ಟು ಹೋಗುತ್ತಾರೆ. ಕೈಕಾಲು ಸರಿಯಾಗಿವೆಯೆಂದೇ ನಂಬಿದ ಆ ಜೀವ ರಾತ್ರಿ ಒಂಟಿಯಾಗಿ ಎದ್ದು ನಡೆಯಲು ಹೋಗಿ ಬೀಳುತ್ತದೆ. ಅಲ್ಲಿ ಬೇಕಾದದ್ದು ವಾದವಲ್ಲ, ಪಕ್ಕದಲ್ಲಿ ಮಲಗುವ ಒಬ್ಬರು. ಕರ್ಮಸಿದ್ಧಾಂತ ಬೋಧಿತವಾದದ್ದು ತನ್ನ ಆಲೋಚನೆಗಾಗಿ. ಪರರ ಹಾಸಿಗೆಯ ಬಳಿ ನಿಂತು ತೀರ್ಪು ಕೊಡುವುದಕ್ಕಲ್ಲ.

ರಾಮಚಂದ್ರನ್ ಅವರ ಊಹೆಯಂತೆ ಮಿದುಳಿನ ಎಡಭಾಗ ಬದುಕಿನ ಕಥೆಯನ್ನು ಸುಸಂಗತವಾಗಿ ಇಟ್ಟುಕೊಳ್ಳಲು ಹೆಣಗುತ್ತದೆ. ಹೊಂದದ ಸಂಗತಿ ಬಂದಾಗ ಆಕ್ಷೇಪಿಸುವುದು ಬಲಭಾಗ. ಲೆಕ್ಕಪರಿಶೋಧಕ ಬಾರದ ವರ್ಷ ಗುಮಾಸ್ತ ಹಳೆಯ ಶಿಲ್ಕನ್ನೇ ಕಿರ್ದಿಯಲ್ಲಿ ಎಳೆಯುತ್ತ ಹೋದಂತೆ ಈ ರೋಗಿಗಳ ಸ್ಥಿತಿ. ಆರೋಗ್ಯವಂತರ ಸಮರ್ಥನೆಗಳೂ ಇದೇ ಜಾತಿಯವು, ಪ್ರಮಾಣದಲ್ಲಿ ಮಾತ್ರ ಭೇದ ಎಂದು ಅವರು ಸೂಚಿಸುತ್ತಾರೆ. ಬಸದಿಯ ಜಮಾಖರ್ಚು ಓದುವ ಸಭೆಗಳಲ್ಲಿ ಕುಳಿತವರು ಇದನ್ನು ಅಲ್ಲಗಳೆಯಲಾರರು. ವ್ಯತ್ಯಾಸವೆಂದರೆ, ಅಲ್ಲಿ ಕಷಾಯವುಂಟು, ಕೈಗಳೆರಡೂ ಚೆನ್ನಾಗಿಯೇ ಇರುತ್ತವೆ.

ಅಪಸ್ಮಾರ ಮತ್ತು ದೈವಾನುಭವದ ಅಧ್ಯಾಯ ದುರ್ಬಲ. ಇಬ್ಬರು ರೋಗಿಗಳ ಚರ್ಮದ ಪರೀಕ್ಷೆಯ ಮೇಲೆ ಅಷ್ಟು ದೊಡ್ಡ ಚರ್ಚೆಯನ್ನು ಕಟ್ಟಬಾರದಿತ್ತು. ಸೃಷ್ಟಿಕರ್ತನನ್ನು ಒಪ್ಪದ ಜೈನರಿಗಂತೂ ಅದರಿಂದ ಎದ್ದ ಗದ್ದಲ ದೂರದ್ದು.

ಕೊನೆಯ ಅಧ್ಯಾಯದ ಬಗ್ಗೆ ಮಾತ್ರ ಗಂಭೀರ ಆಕ್ಷೇಪಣೆಯಿದೆ. ‘ನಾನು’ ಎಂಬುದು ಮಾಯೆಯೆಂಬ, ತಾವು ಬೆಳೆದ ಪರಂಪರೆಯ ಬೋಧೆಗೆ ಮಿದುಳಿನ ವಿಜ್ಞಾನ ಹತ್ತಿರ ಬರುತ್ತಿದೆಯೆಂದು ಲೇಖಕರು ಭಾವಿಸುತ್ತಾರೆ. ಭಾರತದ ಚಿಂತನೆ ಅದೊಂದೇ ಅಲ್ಲ. ಜೀವಗಳು ಅನಂತ, ಪ್ರತಿಯೊಂದೂ ಸತ್ಯ ಎಂದ ದರ್ಶನವೂ ಈ ನೆಲದ್ದೇ. ದೇಹವನ್ನು ‘ನಾನು’ ಎಂದುಕೊಳ್ಳುವ ಬಹಿರಾತ್ಮಬುದ್ಧಿ ಭ್ರಾಂತಿಯೆಂದು ಪೂಜ್ಯಪಾದರು ಸಮಾಧಿತಂತ್ರದಲ್ಲಿ ವಿವರಿಸಿದ್ದಾರೆ. ಆ ಭ್ರಾಂತಿಗೆ ಒಳಗಾದವನು ಇಲ್ಲವೆಂದು ಹೇಳಿಲ್ಲ. ಕನ್ನಡಿ ತೋರಿಸಿದ್ದು ಮೊದಲನೆಯದನ್ನು. ಲೇಖಕರು ಎರಡನೆಯದಕ್ಕೂ ಅದನ್ನೇ ಸಾಕ್ಷಿಯಾಗಿಸುತ್ತಾರೆ. ತಣ್ಣೀರಿನ ಪ್ರಭಾವವಿದ್ದಷ್ಟು ಹೊತ್ತು ತನ್ನ ಕೈಯ ಸತ್ಯವನ್ನು ಹೇಳಿದವರು ಯಾರು, ಅನಂತರ ಮೌನವಾದವರು ಯಾರು ಎಂಬ ಪ್ರಶ್ನೆಯನ್ನು ಆ ವೃದ್ಧೆಯ ಹಾಸಿಗೆಯ ಬಳಿಯಲ್ಲಿಯೇ ಬಿಟ್ಟು ಗ್ರಂಥ ಮುಂದೆ ಸಾಗುತ್ತದೆ.